ಜ್ವರ ಬಿಟ್ಟ ಮೇಲೆ ಕಾಯಬೇಕಾದ್ದು ರಕ್ತನಾಳಗಳನ್ನು

"ಮೇಡಂ, ಪ್ಲೇಟ್‌ಲೆಟ್ ಎಷ್ಟಿದೆ?"

ಮಳೆಗಾಲ ಶುರುವಾಗಿ ತಿಂಗಳು ಕಳೆಯಿತೆಂದರೆ ಡೆಂಗಿಯ ಕಾಲ, ನಮ್ಮ ಲ್ಯಾಬಿನ ಕೌಂಟರಿನಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ಇದೇ ಮಾತು. ರಿಪೋರ್ಟು ಕೈಗೆ ಸಿಕ್ಕ ಕೂಡಲೇ ಕಣ್ಣು ಆ ಒಂದು ಸಾಲಿಗೆ ಓಡುತ್ತದೆ. ಲಕ್ಷದ ಮೇಲಿದ್ದರೆ ನಿಟ್ಟುಸಿರು, ಕೆಳಗಿದ್ದರೆ ಪಪ್ಪಾಯಿ ಎಲೆಗೆ ಹುಡುಕಾಟ. ಅದೇ ಹಾಳೆಯಲ್ಲಿ ಪಿಸಿವಿ ಅಥವಾ ಹಿಮಾಟೊಕ್ರಿಟ್ ಎಂಬ ಇನ್ನೊಂದು ಅಂಕಿ ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡ ಎಷ್ಟು ಎಂದು ಹೇಳುವುದು. ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ನಾನೂ ಒಮ್ಮೆ ಕೇಳಲಿಲ್ಲ. ನನ್ನ ತಮ್ಮನಿಗೆ ಡೆಂಗಿ ಬಂದಾಗ ಅವನಿಗೆ ಮೂವತ್ತನಾಲ್ಕು. ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ಬೆಳಗ್ಗೆ ಶಟಲ್ ಆಡುವ ಗಟ್ಟಿ ಆಳು. ಐದನೇ ದಿನ ಜ್ವರ ಬಿಟ್ಟಿತು. ಅಮ್ಮ ಖುಷಿಯಲ್ಲಿ ನೀರು ಕಾಯಿಸಿ ಸ್ನಾನ ಮಾಡಿಸಿದಳು, ಮೆಣಸಿನ ಸಾರು ಅನ್ನ ಬಡಿಸಿದಳು. ಎರಡು ತುತ್ತು ತಿಂದು ವಾಂತಿ ಮಾಡಿಕೊಂಡ. ಸಂಜೆ ಮಂಚದ ಮೇಲಿಂದಲೇ "ಅಕ್ಕಾ, ಯಾಕೋ ಕೈ ತಣ್ಣಗಾಗ್ತಿದೆ ನೋಡು" ಅಂದ. ಆ ದಿನದ ಪ್ಲೇಟ್‌ಲೆಟ್ 92,000. ಇಡೀ ಮನೆ ನಿಶ್ಚಿಂತೆಯಾಗಿತ್ತು. ಎರಡನೇ ದಿನ 41 ಇದ್ದ ಪಿಸಿವಿ ಅವತ್ತು 50 ಆಗಿತ್ತು. ಲ್ಯಾಬಿನಲ್ಲಿ ಆ ರಿಪೋರ್ಟು ಮುದ್ರಿಸಿದವಳೇ ನಾನು, ಆದರೂ ನೋಡಿಯೂ ನೋಡಿರಲಿಲ್ಲ. ರಾತ್ರಿ ಆಸ್ಪತ್ರೆ ಮುಟ್ಟಿದಾಗ ಬಿಪಿ 96/80. ಡ್ಯೂಟಿ ಡಾಕ್ಟರು ಆ ಎರಡು ಅಂಕಿಗಳ ನಡುವಿನ ಅಂತರ ನೋಡಿಯೇ ಓಡಿ ಬಂದರು.

ಹುಡುಗ ಉಳಿದ. ನಾನು ಡಾಕ್ಟರಲ್ಲ, ಯಾವ ಮದ್ದು, ಎಷ್ಟು ಡ್ರಿಪ್ ಅನ್ನುವುದು ಅವರ ಕೆಲಸ. ಆದರೆ ಆಸ್ಪತ್ರೆಗೆ ಯಾವಾಗ ಹೊರಡಬೇಕು ಅನ್ನುವ ತೀರ್ಮಾನ ಆಗುವುದು ಅಡುಗೆಮನೆ ಬಾಗಿಲಲ್ಲಿ, ಮಂಚದ ಪಕ್ಕದಲ್ಲಿ. ಅಲ್ಲಿ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೈರಸ್ಸಿಗೂ ರಕ್ತನಾಳಕ್ಕೂ ಏನು ಸಂಬಂಧ

ರಕ್ತನಾಳವನ್ನು ನಾವು ನಲ್ಲಿಯ ಪೈಪಿನಂತೆ ಕಲ್ಪಿಸಿಕೊಳ್ಳುತ್ತೇವೆ. ಅದಕ್ಕೆ ಜೀವವಿದೆ. ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರ, ಆ ಪದರದ ಮೇಲೆ ಸಕ್ಕರೆ ಮತ್ತು ಪ್ರೋಟೀನಿನಿಂದಾದ ನುಣುಪಾದ ಲೋಳೆ. ರಕ್ತದ ನೀರು ಹೊರಗೆ ಹೋಗದಂತೆ ತಡೆಯುವುದೂ ಇವೇ, ಒಳಗೆ ಸುಮ್ಮಸುಮ್ಮನೆ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೂ ಇವೇ. ತೀವ್ರವಾದ ವೈರಸ್ ಸೋಂಕಿನಲ್ಲಿ ಈ ಪದರ ಕೆಡಬಹುದು. ಕೆಲವೊಮ್ಮೆ ವೈರಸ್ ತಾನೇ ಕೆಡಿಸುತ್ತದೆ, ಎಷ್ಟೋ ಸಲ ಅದರ ಮೇಲೆ ಯುದ್ಧಕ್ಕೆ ಹೊರಟ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕೆಡಿಸುತ್ತದೆ.

ಕೆಟ್ಟರೆ ಎರಡು ಬಗೆಯ ತೊಂದರೆ. ಒಂದು, ಹೊಸ ಮಡಕೆ ಜಿನುಗುವಂತೆ ನಾಳ ಜಿನುಗುತ್ತದೆ. ಡೆಂಗಿಯದು ಮುಖ್ಯವಾಗಿ ಈ ದಾರಿ. ಡೆಂಗಿ ಪತ್ತೆಗೆ ಎನ್‌ಎಸ್1 ಪರೀಕ್ಷೆ ಮಾಡಿಸುತ್ತೀರಲ್ಲ, ಅದೇ ಎನ್‌ಎಸ್1 ಪ್ರೋಟೀನ್ ನಾಳದ ಲೋಳೆಯನ್ನು ಸವೆಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ರಕ್ತದ ನೀರಿನಂಶ ಹೊಟ್ಟೆಗೆ, ಶ್ವಾಸಕೋಶದ ಸುತ್ತಲಿನ ಜಾಗಕ್ಕೆ ಇಳಿಯುತ್ತದೆ, ನಾಳದೊಳಗೆ ಉಳಿದ ರಕ್ತ ಮಂದವಾಗುತ್ತದೆ, ಪಿಸಿವಿ ಏರುತ್ತದೆ. ಮೈಮೇಲೆ ಒಂದು ಹನಿ ರಕ್ತ ಕಾಣದೆಯೇ ಅಂಗಗಳಿಗೆ ರಕ್ತ ಸಾಲದೆ ಮನುಷ್ಯ ಶಾಕ್‌ಗೆ ಹೋಗುವುದು ಹೀಗೆ.

ಇನ್ನೊಂದು ತೊಂದರೆ ಹೆಪ್ಪು. ಇನ್‌ಫ್ಲುಯೆಂಜಾ, ಕೋವಿಡ್, ಅಪರೂಪಕ್ಕೆ ಬೇರೆ ಕೆಲವು ವೈರಸ್‌ಗಳಲ್ಲಿ ರಕ್ತ ಬೇಡದ ಕಡೆ ಹೆಪ್ಪುಗಟ್ಟುತ್ತದೆ. ನಾಳದ ಗೋಡೆಗೆ ಪೆಟ್ಟು, ಹರಿವು ನಿಧಾನವಾಗುವುದು, ರಕ್ತದ ಗುಣವೇ ಹೆಪ್ಪಿನ ಕಡೆ ವಾಲುವುದು ಎಂಬ ಮೂರು ಕಾರಣಗಳನ್ನು ಜರ್ಮನಿಯ ರೂಡಾಲ್ಫ್ ವಿರ್ಕೋ ಹೆಸರಿನಲ್ಲಿ ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುತ್ತಾರೆ. ಜ್ವರ ಬಂದು, ನೀರು ಕುಡಿಯದೆ, ವಾರಗಟ್ಟಲೆ ಹಾಸಿಗೆಯಲ್ಲಿ ಬಿದ್ದವರಲ್ಲಿ ಮೂರೂ ಒಟ್ಟಿಗೆ ಬಂದು ಕೂರುತ್ತವೆ.

ಬಹುಪಾಲು ಆರೋಗ್ಯವಂತರಿಗೆ ಇದ್ಯಾವುದೂ ಆಗದೆ ಜ್ವರ ಬಂದು ಹೋಗುತ್ತದೆ. ಗಾಬರಿ ಬೇಡ, ಲೆಕ್ಕ ಇಟ್ಟರೆ ಸಾಕು.

ಒಂದು: ಜ್ವರದ ದಿನ ಎಣಿಸಿ

ಒಂದು ಹಳೆಯ ನೋಟುಪುಸ್ತಕ ತೆಗೆದುಕೊಳ್ಳಿ. ಜ್ವರ ಮೊದಲು ಕಾಣಿಸಿದ ದಿನವೇ ಮೊದಲ ದಿನ. ಡಾಕ್ಟರ ಹತ್ತಿರ ಹೋದ ದಿನ ಅಲ್ಲ, ಡೆಂಗಿ ಎಂದು ರಿಪೋರ್ಟು ಬಂದ ದಿನವೂ ಅಲ್ಲ. ಇದರಲ್ಲಿ ಎರಡು ದಿನ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಬುಡಮೇಲು. ಡೆಂಗಿಯಲ್ಲಿ ಜ್ವರ ಸಾಮಾನ್ಯವಾಗಿ ಎರಡರಿಂದ ಏಳು ದಿನ. ಅಪಾಯದ ಕಾಲ ಮೂರನೇ ದಿನದಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿಗೆ ಸರಿಯಾಗಿ ಬರುತ್ತದೆ.

ದಿನಕ್ಕೆ ನಾಲ್ಕು ಸಲ ಜ್ವರ, ಕುಡಿದದ್ದು ಎಷ್ಟು, ಮೂತ್ರ ಎಷ್ಟು ಸಲ, ವಾಂತಿ ಎಷ್ಟು ಸಲ, ಕೊಟ್ಟ ಮಾತ್ರೆ ಯಾವುದು, ಎಷ್ಟು ಗಂಟೆಗೆ. ಇಷ್ಟು ಬರೆದರೆ ಸಾಕು. ಫೋನಿನಲ್ಲಿ ಬರೆದುಕೊಳ್ಳಬಹುದಲ್ಲ ಅನ್ನುತ್ತೀರಿ. ಫೋನು ರೋಗಿಯ ಕೈಯಲ್ಲಿ ರೀಲ್ಸ್ ತೋರಿಸುತ್ತಿರುತ್ತದೆ. ಪುಸ್ತಕವನ್ನು ಯಾರು ಬೇಕಾದರೂ ತೆಗೆದು ನೋಡಬಹುದು.

ಎರಡು: ಮೊದಲ ಮೂರು ದಿನದೊಳಗೆ ಒಂದು ಸಿಬಿಸಿ

ಜ್ವರದ ಮೊದಲ ಐದು ದಿನದೊಳಗಾದರೆ ಎನ್‌ಎಸ್1 ಪರೀಕ್ಷೆ, ಆಮೇಲಾದರೆ ವೈರಸ್ಸಿನ ಎದುರು ದೇಹ ಮಾಡಿಕೊಂಡ ಪ್ರತಿಕಾಯ ಹುಡುಕುವ ಐಜಿಎಂ. ಇದು ಹೆಚ್ಚಿನವರಿಗೆ ಗೊತ್ತು. ಅದರ ಜೊತೆಗೆ ಅಗ್ಗದ, ಸಾಮಾನ್ಯ ಸಿಬಿಸಿಯನ್ನೂ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆಯನ್ನೂ, ಬೇಗ ಮಾಡಿಸಿಟ್ಟುಕೊಳ್ಳಿ. ಕಾರಣ ಪಿಸಿವಿ. ನಿಮ್ಮ ಸಹಜ ಪಿಸಿವಿ ಎಷ್ಟು ಎಂದು ಗೊತ್ತಿದ್ದರೆ ಮಾತ್ರ ಅದು ಏರಿತೋ ಇಲ್ಲವೋ ಹೇಳಲು ಬರುತ್ತದೆ. ಐದನೇ ದಿನ ಒಬ್ಬ ಗಂಡಸಿನ ಪಿಸಿವಿ 46 ಬಂದರೆ ರಿಪೋರ್ಟಿನಲ್ಲಿ ಅದು ಸಾಮಾನ್ಯ ಮಟ್ಟದೊಳಗೇ ಇರುತ್ತದೆ. ಆದರೆ ಎರಡನೇ ದಿನ ಅವನದು 38 ಇದ್ದಿದ್ದರೆ ಶೇಕಡ 20ಕ್ಕೂ ಹೆಚ್ಚು ಏರಿದೆ ಎಂದರ್ಥ, ಅಂದರೆ ನಾಳ ಜಿನುಗುತ್ತಿದೆ.

ಮೂರನೇ ದಿನದಿಂದ ದಿನಾ ಒಂದು ಸಿಬಿಸಿ ಮಾಡಿಸಲು ಡಾಕ್ಟರು ಹೇಳುತ್ತಾರೆ. ಆಗ ಹಾಳೆಯಲ್ಲಿ ಮೂರು ಸಾಲು ಒಟ್ಟಿಗೆ ನೋಡಿ. ಮೊದಲು ಬಿಳಿ ರಕ್ತಕಣ ಇಳಿಯುತ್ತದೆ, ಆಮೇಲೆ ಪ್ಲೇಟ್‌ಲೆಟ್. ಪ್ಲೇಟ್‌ಲೆಟ್ ಸರಸರನೆ ಇಳಿಯುತ್ತ ಪಿಸಿವಿ ಮೇಲೇರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಪ್ಲೇಟ್‌ಲೆಟ್ ಒಂದೇ ಇಳಿದು ಪಿಸಿವಿ ಅಲ್ಲಾಡದೆ ನಿಂತಿದ್ದು, ರೋಗಿ ಎದ್ದು ಓಡಾಡಿ ಎಳನೀರು ಕುಡಿಯುತ್ತಿದ್ದರೆ ಅಷ್ಟು ಹೆದರಬೇಕಿಲ್ಲ.

ಲ್ಯಾಬಿನವಳಾಗಿ ಎರಡು ಮಾತು. ಡ್ರಿಪ್ ಹಾಕಿರುವ ಕೈಯಿಂದಲೇ ರಕ್ತ ತೆಗೆದರೆ ಡ್ರಿಪ್ಪಿನ ನೀರು ಬೆರೆತು ಪಿಸಿವಿ ಸುಳ್ಳುಸುಳ್ಳೇ ಕಡಿಮೆ ಬರುತ್ತದೆ, ಇನ್ನೊಂದು ಕೈಯಿಂದ ತೆಗೆಯಲು ಹೇಳಿ. ಮತ್ತೆ, ಕೆಲವರ ಪ್ಲೇಟ್‌ಲೆಟ್‌ಗಳು ಟ್ಯೂಬಿನೊಳಗೆ ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತವೆ. ಯಂತ್ರಕ್ಕೆ ಗುಂಪು ಕಾಣುವುದಿಲ್ಲ, ಕಡಿಮೆ ಎಣಿಸುತ್ತದೆ. ಆರೋಗ್ಯವಾಗಿರುವವನಿಗೆ ಇದ್ದಕ್ಕಿದ್ದಂತೆ 20,000 ಎಂದು ಬಂದರೆ ಸ್ಲೈಡಿನ ಮೇಲೆ ರಕ್ತ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದ್ದಾರಾ ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ. ಬೈದರೆ ಬೇರೆ ಲ್ಯಾಬಿಗೆ ಹೋಗಿ.

ಮೂರು: ಮೆಡಿಕಲ್ ಶಾಪಿನಲ್ಲಿ ಕೇಳಬಾರದ್ದು

ಯಾವ ವೈರಸ್ ಎಂದು ಗೊತ್ತಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆರು ಗಂಟೆಗೊಮ್ಮೆಗಿಂತ ಮೊದಲು ಬೇಡ. ಡೆಂಗಿ ಇರುವ ವಯಸ್ಕರಿಗೆ ದಿನಕ್ಕೆ 3 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ. ಅಂದರೆ 500ರ ಮಾತ್ರೆ ಆರು, 650ರದ್ದಾದರೆ ನಾಲ್ಕು. ಡೆಂಗಿ ಲಿವರನ್ನೂ ಕಾಡುವುದರಿಂದ ಈ ಮಿತಿ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಮೈಕೈ ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್, ಆಸ್ಪಿರಿನ್ ಬೇಡವೇ ಬೇಡ. ಇವು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ, ಜ್ವರ ಇಳಿದುಹೋಗಲಿ" ಎಂದು ನಾವೇ ಒತ್ತಾಯ ಮಾಡುವ ಪದ್ಧತಿ ಇದೆಯಲ್ಲ, ಪ್ಲೇಟ್‌ಲೆಟ್ ಇಳಿದಾಗ ಸೊಂಟಕ್ಕೆ ಹಾಕಿಸಿಕೊಂಡ ಇಂಜೆಕ್ಷನ್ನಿನ ಜಾಗದಲ್ಲಿ ರಕ್ತ ತುಂಬಿ ಗಡ್ಡೆಯಾಗಬಹುದು. ಕೇಳಬೇಡಿ.

ಕೋವಿಡ್ ಕಾಲದಿಂದ ಇನ್ನೊಂದು ಅಭ್ಯಾಸ ಬಂದಿದೆ, "ರಕ್ತ ತೆಳು ಮಾಡುವ ಮಾತ್ರೆ" ತಾವಾಗಿಯೇ ನುಂಗುವುದು. ಹೊರಗಿನಿಂದ ನೋಡಿದರೆ ಎಲ್ಲ ಜ್ವರವೂ ಒಂದೇ ಥರ. ಒಂದರಲ್ಲಿ ಹೆಪ್ಪಿನ ಭಯ, ಇನ್ನೊಂದರಲ್ಲಿ ರಕ್ತಸ್ರಾವದ ಭಯ. ಮನೆಯಲ್ಲಿ ಕೂತು ಬೇರೆ ಮಾಡಲಾಗದು. ಮೊದಲೇ ಸ್ಟೆಂಟ್ ಹಾಕಿಸಿಕೊಂಡು ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ತಾವೇ ನಿಲ್ಲಿಸಬಾರದು, ತಾವೇ ಮುಂದುವರಿಸಲೂಬಾರದು. ಜ್ವರ ಬಂದ ದಿನವೇ ಹೃದಯದ ಡಾಕ್ಟರಿಗೆ ಫೋನು ಮಾಡಬೇಕು.

ನಾಲ್ಕು: ನೀರು, ಆದರೆ ಬರೀ ನೀರಲ್ಲ

ಗಂಜಿ, ಮಜ್ಜಿಗೆ, ಎಳನೀರು, ಓಆರ್‌ಎಸ್. ದೊಡ್ಡವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಲೀಟರ್, ಗುಟುಕು ಗುಟುಕಾಗಿ. ಓಆರ್‌ಎಸ್ ಪೊಟ್ಟಣದ ಮೇಲೆ 200 ಮಿ.ಲೀ. ಎಂದಿದೆಯೋ ಒಂದು ಲೀಟರ್ ಎಂದಿದೆಯೋ ಓದಿ, ಅಷ್ಟಕ್ಕೇ ಕಲಸಿ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳನ್ನು ಓಆರ್‌ಎಸ್ ಎಂಬ ಹೆಸರಲ್ಲಿ ಮಾರುವುದಕ್ಕೆ 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ತಡೆ ಹಾಕಿತು. ಅವು ಓಆರ್‌ಎಸ್ ಅಲ್ಲ, ಸಕ್ಕರೆ ನೀರು.

ಕೆಂಪು ಬಣ್ಣದ ಪಾನಕ, ಬೀಟ್‌ರೂಟ್, ದಾಳಿಂಬೆ ರಸವನ್ನು ಒಂದು ವಾರ ಬದಿಗಿಡಿ. ವಾಂತಿಯಾದರೆ ಅದು ರಸವೋ ರಕ್ತವೋ ಎಂದು ನಡುರಾತ್ರಿ ಬಚ್ಚಲಲ್ಲಿ ನಿಂತು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಐದು: ಜ್ವರ ಬಿಟ್ಟ 48 ಗಂಟೆ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಜ್ವರ ಇಳಿದದ್ದು ಗುಣವಾದದ್ದರ ಗುರುತು ಎಂದು ನಮ್ಮ ಅಜ್ಜ ಅಜ್ಜಿಯರ ಕಾಲದಿಂದ ನಂಬಿದ್ದೇವೆ. ಡೆಂಗಿಯಲ್ಲಿ ಆ ನಂಬಿಕೆ ಮೋಸ ಮಾಡುತ್ತದೆ. ನಾಳ ಹೆಚ್ಚು ಜಿನುಗುವುದು ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆಗಳಲ್ಲಿ. ಜ್ವರ ಇಳಿದು ಹಸಿವಾದರೆ, ಮಾತು ಮರಳಿದರೆ, ಮೂತ್ರ ಚೆನ್ನಾಗಿ ಹೋದರೆ ನಿಜವಾಗಿ ಗುಣ. ಜ್ವರ ಇಳಿದು ಮನುಷ್ಯ ಇನ್ನಷ್ಟು ಸೊರಗಿದರೆ ಹೊರಡಿ. ಈ ಎರಡು ದಿನ ಅವನನ್ನು ಒಂಟಿಯಾಗಿ ಬಿಡಬೇಡಿ. ಪಿಜಿಯಲ್ಲಿ, ಬಾಡಿಗೆ ರೂಮಿನಲ್ಲಿ ಒಬ್ಬರೇ ಇರುವ ಹುಡುಗ ಹುಡುಗಿಯರಾದರೆ ಊರಿಂದ ಯಾರನ್ನಾದರೂ ಕರೆಸಿಕೊಳ್ಳುವುದು ಈ ದಿನಗಳಿಗೆ.

ಮನೆಯಲ್ಲೇ ನೋಡಬಹುದಾದ ಮೂರು ಪರೀಕ್ಷೆ ಇವೆ. ನಾಲ್ಕು ಗಂಟೆಗೊಮ್ಮೆ ಮಾಡಿ.

ಕೈ ಕಾಲು ಮುಟ್ಟಿ. ಹೊಟ್ಟೆ ಬೆಚ್ಚಗಿದ್ದು ಅಂಗೈ ಅಂಗಾಲು ತಣ್ಣಗೆ ತೇವವಾಗಿದ್ದರೆ ದೇಹ ಇರುವ ರಕ್ತವನ್ನು ಒಳಗಿನ ಅಂಗಗಳಿಗೆ ಎಳೆದುಕೊಳ್ಳುತ್ತಿದೆ. ಬೆರಳ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು.

ಬಿಪಿ ನೋಡಿ. ಅಕ್ಕಪಕ್ಕದ ಮನೆಯಲ್ಲಿ ಯಾರಾದರೂ ಹಿರಿಯರ ಹತ್ತಿರ ಯಂತ್ರ ಇದ್ದೇ ಇರುತ್ತದೆ. ಮೇಲಿನ ಅಂಕಿ ಒಂದನ್ನೇ ನೋಡಿ "ನಾರ್ಮಲ್" ಅನ್ನಬೇಡಿ. ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ. 120/80 ಆದರೆ ಅಂತರ 40. ನಾಳದಲ್ಲಿ ರಕ್ತ ಕಡಿಮೆಯಾದಂತೆ ದೇಹ ನಾಳಗಳನ್ನು ಬಿಗಿ ಮಾಡುತ್ತದೆ, ಆಗ ಕೆಳಗಿನ ಅಂಕಿ ಮೇಲೇರಿ ಅಂತರ ಕಿರಿದಾಗುತ್ತದೆ. 100/80 ನೋಡಲು ಎಷ್ಟು ಚೆನ್ನಾಗಿದೆ! ಆದರೆ ಅಂತರ 20ಕ್ಕೆ ಬಂತೆಂದರೆ ಅದು ಶಾಕ್‌ನ ಲೆಕ್ಕ. ನನ್ನ ತಮ್ಮನದು 16 ಇತ್ತು, ಆಗಲೂ ಅವನು ಕೂತು ಮಾತಾಡುತ್ತಿದ್ದ. ಗಟ್ಟಿಮುಟ್ಟಾದ ಎಳೆಯ ದೇಹ ಕೊನೆಯವರೆಗೆ ಮುಚ್ಚಿಡುತ್ತದೆ, ಆಮೇಲೆ ಒಮ್ಮೆಗೇ ಕುಸಿಯುತ್ತದೆ.

ಮೂತ್ರ. ಎಚ್ಚರವಿರುವಾಗ ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಹೋಗಬೇಕು. ಆರು ಗಂಟೆಯಾದರೂ ಇಲ್ಲ ಎಂದರೆ ಬಾಯಿಂದ ಕುಡಿಸಿ ಸರಿ ಮಾಡುತ್ತೇನೆ ಎಂದು ಕೂರಬೇಡಿ.

ಇವಲ್ಲದೆ ಜೋರಾದ, ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಮೂಗಿನಿಂದ ರಕ್ತ, ಕಪ್ಪಗೆ ಡಾಂಬರಿನಂಥ ಮಲ, ಹೆಂಗಸರಲ್ಲಿ ಮುಟ್ಟಿನ ಸ್ರಾವ ಅತಿಯಾಗುವುದು, ಎದ್ದು ನಿಂತರೆ ತಲೆ ಸುತ್ತುವುದು, ಉಸಿರಾಟಕ್ಕೆ ಕಷ್ಟ, ಮಂಪರು ಅಥವಾ ಸುಮ್ಮನೆ ಚಡಪಡಿಕೆ. ಇವುಗಳಲ್ಲಿ ಒಂದೇ ಒಂದು ಇದ್ದರೂ ಅದೇ ಗಂಟೆಯಲ್ಲಿ ಆಸ್ಪತ್ರೆ. ಬೆಳಗಾಗಲಿ ಅನ್ನಬೇಡಿ. ಹಿಂದೊಮ್ಮೆ ಡೆಂಗಿ ಬಂದವರಿಗೆ ಎರಡನೇ ಸಲ ಜೋರಾಗುವ ಸಂಭವ ಹೆಚ್ಚು. ಈ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ, ಒಂದರಿಂದ ಬಂದ ರಕ್ಷಣೆ ಇನ್ನೊಂದರ ಎದುರು ಕೆಲವೊಮ್ಮೆ ತಿರುಗಿ ಬೀಳುತ್ತದೆ. ಹಾಗಾಗಿ ಹಳೆಯ ಡೆಂಗಿಯ ವಿಷಯ ಡಾಕ್ಟರಿಗೆ ತಪ್ಪದೆ ಹೇಳಿ.

ಪಪ್ಪಾಯಿ ಎಲೆ, ಪ್ಲೇಟ್‌ಲೆಟ್ ಚೀಲ

ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು 2024ರ ಸೆಪ್ಟೆಂಬರಿನಲ್ಲಿ. ಆ ಮಳೆಗಾಲದಲ್ಲಿ ನಮ್ಮ ಬೀದಿಯ ಪಪ್ಪಾಯಿ ಮರಗಳಲ್ಲಿ ಒಂದು ಎಲೆ ಉಳಿದಿರಲಿಲ್ಲ. ಎಲೆರಸದಿಂದ ಪ್ಲೇಟ್‌ಲೆಟ್ ಅಂಕಿ ಸ್ವಲ್ಪ ಬೇಗ ಏರುತ್ತದೆ ಎನ್ನುವ ಸಣ್ಣಪುಟ್ಟ ಅಧ್ಯಯನಗಳಿವೆ, ಇಲ್ಲವೆಂದಲ್ಲ. ಆದರೆ ಜಿನುಗುವ ನಾಳವನ್ನು ಅದು ಮುಚ್ಚುತ್ತದೆ ಎಂದು ಯಾರೂ ತೋರಿಸಿಲ್ಲ. ಕಹಿ ರಸ ಕುಡಿದು ವಾಂತಿ ಮಾಡಿಕೊಂಡು, ಹೊಟ್ಟೆಯಲ್ಲಿದ್ದ ಗಂಜಿಯನ್ನೂ ಕಳೆದುಕೊಂಡು ಬಂದವರನ್ನು ನೋಡಿದ್ದೇನೆ. ಪ್ಲೇಟ್‌ಲೆಟ್ ಏಳನೇ ಎಂಟನೇ ದಿನಕ್ಕೆ ತಾನಾಗಿಯೇ ಏರತೊಡಗುತ್ತದೆ; ಆ ಹೊತ್ತಿಗೆ ಏನು ಕುಡಿದಿರುತ್ತೀರೋ ಅದಕ್ಕೆ ಹೆಸರು ಬರುತ್ತದೆ.

ಪ್ಲೇಟ್‌ಲೆಟ್ ಚೀಲಕ್ಕಾಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಕ್ತದಾನಿಗಳನ್ನು ಹುಡುಕುವ ಮೊದಲು ಡಾಕ್ಟರನ್ನು ಕೇಳಿ, ರಕ್ತಸ್ರಾವ ಇದೆಯೇ ಎಂದು. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕೆಳಗಿದ್ದ ವಯಸ್ಕ ಡೆಂಗಿ ರೋಗಿಗಳಲ್ಲಿ ಕೆಲವರಿಗೆ ಮುಂಜಾಗ್ರತೆಗೆಂದು ಪ್ಲೇಟ್‌ಲೆಟ್ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ ನೋಡಿದರು. 2017ರಲ್ಲಿ ಫಲಿತಾಂಶ ಬಂತು: ರಕ್ತಸ್ರಾವ ತಡೆಯುವುದರಲ್ಲಿ ಕೊಟ್ಟಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ. ನಮ್ಮ ದೇಶದ ಮಾರ್ಗಸೂಚಿಯೂ ರಕ್ತಸ್ರಾವವಿಲ್ಲದಿದ್ದರೆ 10,000ಕ್ಕಿಂತ ಕೆಳಗೆ ಹೋದಾಗ ಯೋಚಿಸಿ ಅನ್ನುತ್ತದೆ. ಎಷ್ಟೋ ಸಲ ಡಾಕ್ಟರು ಚೀಲ ಹಾಕುವುದು ರೋಗಿಗಲ್ಲ, ಐಸಿಯು ಹೊರಗೆ ನಿಂತ ಹನ್ನೆರಡು ಜನ ನೆಂಟರಿಗೆ ಎಂದು ನನಗನಿಸಿದೆ.

ಆರು: ಆಸ್ಪತ್ರೆಯಲ್ಲಿ

ನೋಟುಪುಸ್ತಕ ಕೊಡಿ. "ಇವತ್ತು ಜ್ವರದ ಎಷ್ಟನೇ ದಿನ, ಎಷ್ಟು ಗಂಟೆಗೆ ಜ್ವರ ಬಿಟ್ಟಿತು, ಕೊನೆಯ ಸಲ ಮೂತ್ರ ಯಾವಾಗ, ಮೊದಲ ಪಿಸಿವಿ ಎಷ್ಟು" ಈ ನಾಲ್ಕನ್ನು ಮೊದಲ ನಿಮಿಷದಲ್ಲೇ ಹೇಳಿ.

ಡ್ರಿಪ್ ಡೆಂಗಿಯ ನಿಜವಾದ ಮದ್ದು. ಜಾಸ್ತಿಯಾದರೆ ಅದೇ ತೊಂದರೆ. ಜಿನುಗುವುದು ನಿಂತ ಮೇಲೆ, ಮುಂದಿನ ಎರಡು ಮೂರು ದಿನದಲ್ಲಿ ಹೊರಗೆ ಹೋಗಿದ್ದ ನೀರು ತಾನಾಗಿ ನಾಳಕ್ಕೆ ಮರಳುತ್ತದೆ. ಆಗಲೂ ಬಾಟಲಿ ಮೇಲೆ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರುಗಟ್ಟುತ್ತದೆ. "ಇನ್ನೊಂದು ಬಾಟಲಿ ಹಾಕಿ, ಸುಸ್ತಿದೆ" ಎಂದು ನರ್ಸಮ್ಮನಿಗೆ ದುಂಬಾಲು ಬೀಳಬೇಡಿ. ಮೈಮೇಲೆ ಕೆಂಪು ಹರಡಿ ನಡುನಡುವೆ ಬಿಳಿ ಚುಕ್ಕೆಗಳು ಕಾಣಿಸಿ, ಅಂಗೈ ಅಂಗಾಲು ತುರಿಸತೊಡಗಿದರೆ ಸಾಮಾನ್ಯವಾಗಿ ಅದು ಚೇತರಿಕೆಯ ಸೂಚನೆ. ಆ ತುರಿಕೆ ಬಂದ ದಿನ ನಮ್ಮಮ್ಮ ಹೊಸ ರೋಗ ಬಂತೆಂದು ಅತ್ತುಬಿಟ್ಟಳು.

ಏಳು: ಮುಂದಿನ ವಾರಗಳಲ್ಲಿ ಹೆಪ್ಪಿನ ಕಾವಲು

ಡೆಂಗಿಯ ಗಂಡಾಂತರ ಎರಡು ದಿನದ್ದು. ಫ್ಲೂ, ಕೋವಿಡ್‌ನಂಥ ಉಸಿರಾಟದ ಸೋಂಕುಗಳದ್ದು ಹಾಗಲ್ಲ, ಅವು ನಿಧಾನವಾಗಿ ಬಾಗಿಲು ತಟ್ಟುತ್ತವೆ.

ಕೆನಡಾದ ಒಂಟಾರಿಯೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರೀಕ್ಷೆಯಿಂದ ಖಚಿತವಾದ ಇನ್‌ಫ್ಲುಯೆಂಜಾ ಬಂದ ಮೊದಲ ಏಳು ದಿನದಲ್ಲಿ ಹೃದಯಾಘಾತದ ಸಂಭವ ಬೇರೆ ದಿನಗಳಿಗಿಂತ ಸುಮಾರು ಆರು ಪಟ್ಟು ಇತ್ತು. ಅದರಲ್ಲಿದ್ದವರು ಹೆಚ್ಚಾಗಿ ವಯಸ್ಸಾದವರು ಎನ್ನುವುದನ್ನು ಮರೆಯಬೇಡಿ. ಮೂವತ್ತರ ಆರೋಗ್ಯವಂತನ ಸಂಭವ ಮೊದಲೇ ತೀರ ಕಡಿಮೆ, ಅದರ ಆರು ಪಟ್ಟೂ ಕಡಿಮೆಯೇ. ಸ್ವೀಡನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೋವಿಡ್ ಸೋಂಕಿತರ ದಾಖಲೆ ತೆಗೆದು ನೋಡಿದಾಗ ಕಾಲಿನ ಆಳದ ನಾಳದಲ್ಲಿ ಹೆಪ್ಪುಗಟ್ಟುವ ಸಂಭವ ಮೂರು ತಿಂಗಳವರೆಗೆ, ಶ್ವಾಸಕೋಶಕ್ಕೆ ಹೆಪ್ಪು ಹೋಗುವ ಸಂಭವ ಆರು ತಿಂಗಳವರೆಗೆ ಹೆಚ್ಚಿದ್ದದ್ದು ಕಂಡಿತು. ಮೊದಲ ಅಲೆಯವರಲ್ಲಿ ಇದು ಜಾಸ್ತಿ, ನಂತರದವರಲ್ಲಿ ಕಡಿಮೆ.

ಮಾಡಬೇಕಾದ್ದು ಸುಲಭ. ಮೈಯಲ್ಲಿ ಶಕ್ತಿ ಇರುವಷ್ಟು ಮಟ್ಟಿಗೆ ಎರಡು ಗಂಟೆಗೊಮ್ಮೆ ಎದ್ದು ಕೋಣೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಏಳಲಾಗದಿದ್ದರೆ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಜ್ವರ ಬಿಟ್ಟ ವಾರದಲ್ಲೇ ರಾತ್ರಿಯಿಡೀ ಕೂರುವ ಸ್ಲೀಪರ್ ಅಲ್ಲದ ಬಸ್ಸು, ದುಬೈ ಅಮೆರಿಕದ ವಿಮಾನ ಸಾಧ್ಯವಾದರೆ ಮುಂದೂಡಿ. ಬಾಣಂತಿಯರಲ್ಲಿ, ಬಸುರಿಯರಲ್ಲಿ, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ರಕ್ತ ಮೊದಲೇ ಹೆಪ್ಪಿನ ಕಡೆ ವಾಲಿರುತ್ತದೆ. ಬಾಣಂತನದಲ್ಲಿ ಜ್ವರ ಬಂದರೆ "ನೆಲಕ್ಕೆ ಕಾಲಿಡಬೇಡ, ನೀರು ಜಾಸ್ತಿ ಕುಡಿಯಬೇಡ" ಅನ್ನುವ ಮನೆಗಳು ಇನ್ನೂ ಇವೆ. ಎರಡೂ ತಿರುಗುಬಾಣ. ಹಿರಿಯರ ಮೇಲೆ ಜಗಳಕ್ಕೆ ಹೋಗದೆ ಡಾಕ್ಟರ ಬಾಯಲ್ಲೇ ಹೇಳಿಸಿ.

ಕಾವಲು ಕಾಯಬೇಕಾದ ಜಾಗಗಳು: ಒಂದೇ ಕಾಲು ಊದಿ, ಮೀನಖಂಡ ನೋಯುತ್ತ, ಮುಟ್ಟಿದರೆ ಬಿಸಿಯಾಗಿದ್ದರೆ ಅದು ನರ ಹಿಡಿದದ್ದಲ್ಲ, ಹೆಪ್ಪಿರಬಹುದು, ಎಣ್ಣೆ ಹಚ್ಚಿ ತಿಕ್ಕಬೇಡಿ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದರೆ ಎದೆಯಲ್ಲಿ ಚುಚ್ಚು, ಕಫದಲ್ಲಿ ರಕ್ತ ಬಂದರೆ ಹೆಪ್ಪು ಕಾಲಿಂದ ಶ್ವಾಸಕೋಶಕ್ಕೆ ಹೋಗಿರಬಹುದು. ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಗುರುತು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ, ಆದ್ದರಿಂದ ಶುರುವಾದ ಸಮಯ ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಹಿಂದೆಂದೂ ಬಾರದಂಥ ತಲೆನೋವಿನ ಜೊತೆ ವಾಂತಿ, ಕಣ್ಣು ಮಂಜು, ಫಿಟ್ಸ್ ಬಂದರೆ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪಿರಬಹುದು. ಎದೆನೋವಾದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ.

ಇನ್ನೆರಡು ಅಪರೂಪದವು. ಸರ್ಪಸುತ್ತು ಕಣ್ಣು, ಹಣೆಯ ಭಾಗದಲ್ಲಿ ಎದ್ದರೆ ಆ ವೈರಸ್ ಮಿದುಳಿನ ರಕ್ತನಾಳಕ್ಕೂ ಇಳಿಯಬಲ್ಲದು, ನಂತರದ ವಾರಗಳಲ್ಲಿ ಪಾರ್ಶ್ವವಾಯುವಿನ ಸಂಭವ ಹೆಚ್ಚು. ಮಂತ್ರ ಹಾಕಿಸುವ ಮೊದಲು ವೈರಸ್ ತಡೆಯುವ ಮಾತ್ರೆ ಶುರುವಾಗಿರಬೇಕು, ಎದ್ದ ಮೂರು ದಿನದೊಳಗೆ. ಸೈಟೊಮೆಗಾಲೊ ಎಂಬ ವೈರಸ್ ಗಟ್ಟಿಮುಟ್ಟಾದವರಲ್ಲಿ ವಾರಗಟ್ಟಲೆ ಸಣ್ಣ ಜ್ವರವಾಗಿ ಕಾಡಿ ಹೋಗುತ್ತದೆ. ಅಪರೂಪಕ್ಕೆ ಲಿವರಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಬಿಟ್ಟುಹೋಗುತ್ತದೆ. ಎರಡು ವಾರ ದಾಟಿದ ಜ್ವರದ ಜೊತೆ ಹೊಟ್ಟೆನೋವು ಶುರುವಾದರೆ ಸ್ಕ್ಯಾನ್ ಬೇಕೇ ಎಂದು ಡಾಕ್ಟರನ್ನು ಕೇಳಿ.

ಹಾಗೆಂದು ಲ್ಯಾಬಿಗೆ ಬಂದು ನೀವಾಗಿಯೇ ಹೆಪ್ಪಿನ ಸುಳಿವು ಹುಡುಕುವ ಡಿ-ಡೈಮರ್ ಪರೀಕ್ಷೆ ಮಾಡಿಸಬೇಡಿ. ಯಾವ ಜ್ವರ ಬಂದರೂ ಆ ಅಂಕಿ ಏರಬಹುದು, ಏರಿದ್ದು ನೋಡಿ ನಿಮ್ಮ ನಿದ್ದೆ ಹಾಳು. 2025ರ ಜೂನ್ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ಸಾಲು ಜನ ನಿಂತಿದ್ದರು. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರಲಿಲ್ಲ. ಲಕ್ಷಣ ಇದ್ದರೆ ಪರೀಕ್ಷೆ.

ಮಲೆನಾಡಿನವರಿಗೆ ಎರಡು ಸಾಲು

ಶಿವಮೊಗ್ಗ ಜಿಲ್ಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ರಕ್ತಸ್ರಾವ ತರಬಲ್ಲ ವೈರಸ್ ಜ್ವರವೇ, ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗಿನ ದಿನಗಳಲ್ಲಿ ದರಗು ತರಲು, ಸೌದೆಗೆ, ತೋಟಕ್ಕೆ ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ಡಾಕ್ಟರಿಗೆ ಹೇಳಿ. ನೋವಿನ ಮಾತ್ರೆಯ ವಿಷಯದಲ್ಲಿ ಡೆಂಗಿಗೆ ಹೇಳಿದ್ದೇ ಇದಕ್ಕೂ. ಕೆಲವರಲ್ಲಿ ಜ್ವರ ಬಿಟ್ಟು, ಒಂದೆರಡು ವಾರ ಸುಮ್ಮನಿದ್ದು, ತಲೆನೋವು ನಡುಕದೊಂದಿಗೆ ಮತ್ತೆ ಮರಳುತ್ತದೆ.

ಎಂಟು: ಎದ್ದು ಓಡಾಡುವ ಮೊದಲು

ಆಟ, ಜಿಮ್ಮು, ಹೊಲದ ಭಾರದ ಕೆಲಸಕ್ಕೆ ಅವಸರ ಬೇಡ. ಮೆಟ್ಟಿಲು ಹತ್ತಿದರೆ ಎದೆ ಡವಗುಟ್ಟುವುದು, ಎದೆನೋವು, ತಲೆಸುತ್ತು ಇದ್ದರೆ ಮೊದಲು ಇಸಿಜಿ. ಡೆಂಗಿ ಆದವರಿಗೆ ಸುಸ್ತು ವಾರಗಟ್ಟಲೆ ಉಳಿಯುತ್ತದೆ, ಎರಡು ಮೂರು ತಿಂಗಳಿಗೆ ಕೂದಲೂ ಉದುರಬಹುದು, ಮತ್ತೆ ಬರುತ್ತದೆ.

ಕಾಲಿನ ಲೆಕ್ಕಕ್ಕೆ ದರ್ಜಿಯ ಟೇಪು ಸಾಕು. ಮೊಣಕಾಲ ಕೆಳಗೆ ಮುಂಗಾಲಿನ ಉಬ್ಬಿದ ಮೂಳೆಯಿಂದ 10 ಸೆಂ.ಮೀ. ಕೆಳಗೆ ಗುರುತು ಮಾಡಿ ಎರಡೂ ಮೀನಖಂಡದ ಸುತ್ತಳತೆ ತೆಗೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಕಡಿಮೆ ಇದ್ದೂ ನೋವು, ಊತ ಇದ್ದರೆ ಆಗಲೂ ತೋರಿಸಿ. ಮೊನ್ನೆ ಅಮ್ಮನಿಗೆ ಫ್ಲೂ ಬಂದು ಹತ್ತು ದಿನ ಮಲಗಿದ್ದಾಗ ತಮ್ಮನೇ ಟೇಪು ಹಿಡಿದು ಕೂತ. ಅದೇ ಹಳೆಯ ನೋಟುಪುಸ್ತಕದಲ್ಲಿ, ಅವನ ಡೆಂಗಿಯ ಪುಟಗಳ ಹಿಂದೆಯೇ, ಈಗ ಅಮ್ಮನ ಕಾಲಿನ ಅಳತೆ ಇದೆ: ಎಡ 33, ಬಲ 33.